ಮಿರಗದ ಮೀನು: ಹೈದರಾಬಾದಿನ ದಮ್ಮಿನ ಮದ್ದು ನಡೆದು ಬಂದ ದಾರಿ

ಜೂನ್ ಎರಡನೆಯ ವಾರದ ಹೊತ್ತಿಗೆ, ಆಡುಮಾತಿನಲ್ಲಿ ಮಿರಗ ಎನ್ನುವ ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಉಬ್ಬಸದ ರೋಗಿಗಳಿಗೆ ಜೀವಂತ ಮೀನು ನುಂಗಿಸುವ ಪದ್ಧತಿಯಿದೆ. ಅದನ್ನು ನಡೆಸಿಕೊಂಡು ಬಂದಿರುವುದು ಹಳೆಯ ನಗರದ ದೂಧ್‌ಬೌಲಿಯ ಬತ್ತಿನಿ ಗೌಡ್ ಮನೆತನ. 1845ರಲ್ಲಿ ಸಾಧುವೊಬ್ಬ ವೀರಣ್ಣ ಗೌಡ್ ಅವರಿಗೆ ಈ ಮದ್ದಿನ ಗುಟ್ಟು ಹೇಳಿಕೊಟ್ಟು, ಇದನ್ನು ಕಾಸು ಪಡೆಯದೆ ಹಂಚಬೇಕೆಂದು ವಿಧಿಸಿದ ಎಂಬುದು ಮನೆತನದವರ ಹೇಳಿಕೆ. ಗುಟ್ಟು ಇಂದಿಗೂ ಮನೆಯಿಂದ ಹೊರಗೆ ಹೋಗಿಲ್ಲ.

ಮದ್ದು ಹಳದಿ ಬಣ್ಣದ ಮುದ್ದೆ. ತೆಲುಗರು ಕೊರ್ರಮೀನು ಎನ್ನುವ ಮುರೆಲ್ ಮೀನಿನ ಎರಡು ಮೂರು ಅಂಗುಲದ ಮರಿಯ ಬಾಯಿಗೆ ಅದನ್ನು ತುರುಕಿ, ಮರಿಯನ್ನು ರೋಗಿಯ ಗಂಟಲಿಗೆ ಇಳಿಸುತ್ತಾರೆ. ಮೀನು ಒದ್ದಾಡುತ್ತ ಇಳಿಯುವಾಗ ಕಫ ಬಿಡುತ್ತದೆಂಬುದು ನಂಬಿಕೆ. ಮೀನು ತಿನ್ನದವರಿಗೆ ಅದೇ ಮುದ್ದೆಯನ್ನು ಬೆಲ್ಲದಲ್ಲಿ ಕೊಡುತ್ತಾರೆ. ಆಮೇಲೆ 45 ದಿನ ಪಥ್ಯ. ಮದ್ದಿಗೆ ಬೆಲೆಯಿಲ್ಲ, ಮೀನಿನ ಮರಿಯನ್ನು ಮೀನುಗಾರಿಕೆ ಇಲಾಖೆಯ ಮಳಿಗೆಗಳಲ್ಲಿ ಕೊಳ್ಳಬೇಕು.

ದಿನದ ಆಯ್ಕೆಗೆ ಹಿನ್ನೆಲೆಯಿದೆ. ಬೇಸಿಗೆ ಮುಗಿದು ತಂಪು ಇಳಿಯುವ ಈ ಕಾಲದಲ್ಲಿ ನೆಗಡಿ, ಕೆಮ್ಮು, ದಮ್ಮು ಹೆಚ್ಚುತ್ತವೆಂಬ ಅನುಭವ ದಖನಿನ ರೈತರಲ್ಲಿ ಹಳೆಯದು. ತೆಲಂಗಾಣದಲ್ಲಿ ರೋಗವಿಲ್ಲದವರೂ ಮಿರಗದ ದಿನ ಮೀನು ಉಣ್ಣುತ್ತಾರೆ; ಕೆಲವರು ಇಂಗು ಬೆರೆಸಿದ ಬೆಲ್ಲ ತಿನ್ನುತ್ತಾರೆ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದುದರಿಂದ ಆ ಕಡೆಯ ಕನ್ನಡಿಗರಿಗೂ ಈ ನಗರ ದೂರದ ಊರಲ್ಲ. ಕೊಪ್ಪಳ ತಾಲ್ಲೂಕಿನ ಕುಟಗನಹಳ್ಳಿಯಲ್ಲೂ ಇದೇ ಮಳೆ ಕೂಡುವ ದಿನ ಉಬ್ಬಸಕ್ಕೆ ಉಚಿತವಾಗಿ ಮದ್ದು ಕೊಡುವ ರೂಢಿಯಿದೆ.

ಸಿಕಂದರಾಬಾದ್, ಕಾಚಿಗುಡ, ನಾಂಪಲ್ಲಿ ನಿಲ್ದಾಣಗಳಲ್ಲಿ ಇಳಿಯುವ ಹೊರರಾಜ್ಯದವರ ಸಂಖ್ಯೆ ಬೆಳೆದಂತೆ ದೂಧ್‌ಬೌಲಿಯ ಓಣಿ ಸಾಲದಾಯಿತು. ಹಂಚಿಕೆ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನಕ್ಕೆ ಬಂತು. ಸರತಿಗೆ ಬೇಲಿ, ಪೊಲೀಸ್ ಕಾವಲು, ನೀರಿನ ವ್ಯವಸ್ಥೆ ಸರ್ಕಾರದ ಹೊಣೆಯಾದವು. ನಡುವೆ ಕಾಟೇದಾನ್‌ಗೆ ಸ್ಥಳ ಬದಲಾದಾಗ, 2012ರಲ್ಲಿ ಅಲ್ಲಿ ನೂಕುನುಗ್ಗಲಾಗಿ ಜೀವಹಾನಿಯಾಯಿತು. ಆ ಬಳಿಕ ಮತ್ತೆ ಎಕ್ಸಿಬಿಷನ್ ಮೈದಾನವೇ ಗತಿಯಾಯಿತು.

ಸರ್ಕಾರದ ಈ ನೆರವನ್ನೇ ವಿಚಾರವಾದಿಗಳು ಪ್ರಶ್ನಿಸಿದರು. ಅವರ ಸಂಘಟನೆಯಾದ ಜನ ವಿಜ್ಞಾನ ವೇದಿಕೆ ನ್ಯಾಯಾಲಯಕ್ಕೆ ಹೋಯಿತು. ಏನಿದೆಯೆಂದು ಹೇಳದ, ಗುಣ ಸಾಬೀತಾಗದ ವಸ್ತುವನ್ನು ಔಷಧವೆಂದು ಹಂಚುವುದು ತಪ್ಪೆಂಬುದು ಅದರ ವಾದ. ವಿವಾದದ ನಂತರ ‘ಮೀನು ಮದ್ದು’ ಎಂಬ ಹೆಸರು ಹಿಂದೆ ಸರಿದು ‘ಮೀನು ಪ್ರಸಾದ’ ಬಳಕೆಗೆ ಬಂತು.

ವೈದ್ಯರ ಆಕ್ಷೇಪ ದೇಹರಚನೆಯಿಂದಲೇ ಶುರುವಾಗುತ್ತದೆ. ನುಂಗಿದ ಮೀನು ಅನ್ನನಾಳದಲ್ಲಿ ಇಳಿದು ಹೊಟ್ಟೆ ಸೇರುತ್ತದೆ. ಶ್ವಾಸನಾಳವನ್ನು ಮುಟ್ಟುವುದೇ ಇಲ್ಲ. ಉಬ್ಬಸ ತಾನಾಗಿ ಏರಿ ಇಳಿಯುವ ರೋಗವಾದ್ದರಿಂದ, ಇಳಿದ ತಿಂಗಳುಗಳ ಕೀರ್ತಿ ಮೀನಿಗೆ ಸಲ್ಲುವುದು ಸಹಜ. ಸರತಿಯಲ್ಲಿ ನಿಲ್ಲುವವರಲ್ಲಿ ಬೀಡಿ ಸೇದಿ, ಇಲ್ಲವೆ ಸೌದೆ ಒಲೆಯ ಹೊಗೆ ಕುಡಿದು, ಶ್ವಾಸಮಾರ್ಗ ಕಾಯಂ ಕಿರಿದಾಗುವ ಸಿಒಪಿಡಿ ರೋಗ ಹತ್ತಿಸಿಕೊಂಡವರೂ ಇರುತ್ತಾರೆ. ಅವರ ಶ್ವಾಸಕೋಶಕ್ಕೆ ಆದ ಹಾನಿ ಮತ್ತೆ ಸರಿಹೋಗದು.

ಉಬ್ಬಸ, ಸಿಒಪಿಡಿ ಎರಡೂ ರಾತ್ರಿ ಹೆಚ್ಚು ಕಾಡುತ್ತವೆ. ಇರುಳಲ್ಲಿ ಕಾರ್ಟಿಸಾಲ್ ಹಾರ್ಮೋನು ತಗ್ಗಿ ಉಬ್ಬಸದವರ ಶ್ವಾಸನಾಳ ಬಿಗಿಯುತ್ತದೆ, ಬೆಳಗಿನ ಜಾವ ಎಚ್ಚರವಾಗುತ್ತದೆ. ಸಿಒಪಿಡಿ ಇದ್ದವರಿಗೆ ನಿದ್ದೆಯಲ್ಲಿ ಉಸಿರಾಟದ ಆಳ ತಗ್ಗಿ ರಕ್ತದ ಆಮ್ಲಜನಕ ಕುಸಿಯುತ್ತದೆ. ಜೊತೆಗೆ ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುವ ಸ್ಲೀಪ್ ಆಪ್ನಿಯವೂ ಸೇರಿದರೆ ಕುಸಿತ ಇನ್ನೂ ಆಳ. ಸಿಒಪಿಡಿ ಮತ್ತು ಆಪ್ನಿಯಗಳ ಕೂಟಕ್ಕೆ 1985ರಲ್ಲಿ ವೈದ್ಯ ಡೇವಿಡ್ ಫ್ಲೆನ್ಲಿ ‘ಓವರ್‌ಲ್ಯಾಪ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಮೀನಿನ ಪದ್ಧತಿ ಆರಂಭವಾದ ಕಾಲಕ್ಕೆ ಇದಕ್ಕೆಲ್ಲ ಎಲ್ಲೂ ಒಳ್ಳೆಯ ಚಿಕಿತ್ಸೆ ಇರಲಿಲ್ಲ. ಒತ್ತಡದಿಂದ ಮದ್ದು ಸಿಂಪಡಿಸುವ ಇನ್‌ಹೇಲರ್ ಬಂದದ್ದು 1956ರಲ್ಲಿ, ಬಿಗಿದ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ 1969ರಲ್ಲಿ. ನಿದ್ದೆಯಲ್ಲಿ ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಆಸ್ಟ್ರೇಲಿಯದ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದರು. ಇವು ವರ್ಷಕ್ಕೊಮ್ಮೆ ತೆಗೆದುಕೊಂಡು ಮರೆಯುವಂಥವಲ್ಲ, ದಿನದಿನವೂ ಇಲ್ಲವೆ ಬೇಕಾದಾಗಲೆಲ್ಲ ಬಳಸಬೇಕಾದವು, ಹಣ ಬೇಡುವಂಥವು. ಉಚಿತವಾಗಿ ಒಂದೇ ದಿನದಲ್ಲಿ ಮುಗಿಯುವ ಮದ್ದಿನ ಸೆಳೆತ ಉಳಿದಿರುವುದು ಈ ಅಂತರದಲ್ಲೇ.

ಕೋವಿಡ್ ಕಾರಣ ನಿಂತಿದ್ದ ಹಂಚಿಕೆ 2023ರ ಜೂನ್‌ನಲ್ಲಿ ಮತ್ತೆ ಆರಂಭವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹಿರಿಯರಾದ ಬತ್ತಿನಿ ಹರಿನಾಥ್ ಗೌಡ್ ತೀರಿಕೊಂಡರು; ಪದ್ಧತಿಯನ್ನು ಮನೆತನದ ಉಳಿದವರು ಮುಂದುವರಿಸಿದ್ದಾರೆ. ಮೀನು ನುಂಗಿದವರೂ ಇನ್‌ಹೇಲರ್ ನಿಲ್ಲಿಸಬಾರದೆಂಬುದು ವೈದ್ಯರ ಸಲಹೆ.