ಜನಪದೋದ್ಧ್ವಂಸದ ಲೆಕ್ಕ: ತೋರಣಗಲ್ಲಿನ ಸೀಮೆಯು ಕಂಡ ಎರಡು ಮಹಾಮಾರಿಗಳು

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಮೂರನೆಯ ಅಧ್ಯಾಯಕ್ಕೆ 'ಜನಪದೋದ್ಧ್ವಂಸನೀಯ'ವೆಂದು ಹೆಸರು. ಗಂಗಾತೀರದ ಕಾಂಪಿಲ್ಯ ನಗರದಲ್ಲಿ ಆತ್ರೇಯ ಪುನರ್ವಸುವಿಗೂ ಆತನ ಶಿಷ್ಯನಾದ ಅಗ್ನಿವೇಶನಿಗೂ ನಡೆದ ಸಂವಾದವೇ ಅದರ ವಸ್ತು. ಈ ಕಾಂಪಿಲ್ಯವು ಪಾಂಚಾಲ ದೇಶದ್ದು. ತುಂಗಭದ್ರೆಯ ದಡದ ಕಂಪ್ಲಿಯೊಡನೆ ಅದನ್ನು ಬೆರಸಲಾಗದು. ಪ್ರಕೃತಿ, ಆಹಾರ, ದೇಹಬಲ, ವಯಸ್ಸುಗಳಲ್ಲಿ ಪರಸ್ಪರ ಭಿನ್ನರಾದ ಜನರು ಒಂದೇ ಕಾಲದಲ್ಲಿ ಒಂದೇ ವ್ಯಾಧಿಗೆ ತುತ್ತಾಗುವುದು ಹೇಗೆಂದು ಶಿಷ್ಯನು ಕೇಳುತ್ತಾನೆ. ವಾಯು, ಉದಕ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಮಾನವಾದುವು. ಅವು ಕೆಟ್ಟರೆ ಜನಪದವೇ ಕೆಡುವುದೆಂದು ಗುರುವು ಉತ್ತರಿಸುತ್ತಾನೆ. ಅಲ್ಲಿ ಕಾರಣದ ಚರ್ಚೆಯಿದೆ. ವ್ಯಾಧಿಯು ಎಷ್ಟು ಮಂದಿಯನ್ನು ಮುಟ್ಟಿತು, ಅದನ್ನು ತಿಳಿಯುವ ಬಗೆ ಯಾವುದು ಎಂಬ ಪ್ರಶ್ನೆಯು ಮಾತ್ರ ಮುಂದಿನ ಕಾಲಕ್ಕೆ ಉಳಿಯಿತು. ಆ ಪ್ರಶ್ನೆಗೆ ದೊರೆತ ಉತ್ತರಗಳ ಚರಿತ್ರೆಯನ್ನು ಬಳ್ಳಾರಿಯ ಸೀಮೆಯಲ್ಲಿ ಸ್ಪಷ್ಟವಾಗಿ ಕಾಣಬಹುದು.

1918ರಲ್ಲಿ ಬಳ್ಳಾರಿ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಆ ವರ್ಷದ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಜ್ವರವು ರೈಲುದಾರಿಯನ್ನು ಹಿಡಿದು ದೇಶವನ್ನೆಲ್ಲ ವ್ಯಾಪಿಸಿತು. ಮಳೆಯೂ ಕೈಕೊಟ್ಟ ಆ ಶರತ್ಕಾಲದಲ್ಲಿ ಎರಡನೆಯ ಅಲೆಯು ಮೊದಲನೆಯದಕ್ಕಿಂತ ಘೋರವಾಯಿತು. ಭರತಖಂಡದಲ್ಲಿ ಮಡಿದವರು ಸುಮಾರು 1.2 ಕೋಟಿಯಿಂದ 2 ಕೋಟಿಯವರೆಗೆ ಎಂದು ವಿದ್ವಾಂಸರು ಅಂದಾಜು ಮಾಡಿರುವರು. ಈ ಅಂತರವೇ ಲೆಕ್ಕದ ಅವಸ್ಥೆಯನ್ನು ಹೇಳುತ್ತದೆ. ಅಂದು ಹಳ್ಳಿಯಲ್ಲಿ ಜನನ ಮರಣಗಳನ್ನು ಬರೆದುಕೊಳ್ಳುತ್ತಿದ್ದವನು ಗ್ರಾಮಾಧಿಕಾರಿ. ಅವನ ಪಟ್ಟಿಯಲ್ಲಿ ಈ ಸಾವುಗಳು ಬಹುಮಟ್ಟಿಗೆ 'ಜ್ವರ'ವೆಂಬ ಒಂದೇ ಶೀರ್ಷಿಕೆಯ ಕೆಳಗೆ ಸೇರಿಹೋದುವು. ಬರೆಯುವವನೇ ಹಾಸಿಗೆ ಹಿಡಿದ ಊರಿನಲ್ಲಿ ಪಟ್ಟಿಯು ಖಾಲಿಯಾಗಿ ಉಳಿಯುವುದು ಸಹಜ. ರೋಗಬೀಜವಾದ ವೈರಸ್ಸನ್ನು ಮನುಷ್ಯರಿಂದ ಬೇರ್ಪಡಿಸಿ ತೋರಿಸಿದುದು 1933ರಲ್ಲಿ. ಆದಕಾರಣ 1918ರಲ್ಲಿ ಎಣಿಸಲು ಸಾಧ್ಯವಿದ್ದುದು ಸತ್ತವರನ್ನು ಮಾತ್ರ. ರೋಗ ತಗುಲಿ ಬದುಕಿದವರನ್ನು ಎಣಿಸುವ ಉಪಾಯವೇ ಇರಲಿಲ್ಲ.

ನೂರೆರಡು ವರ್ಷಗಳು ಕಳೆದುವು. 2020ರ ಜನವರಿ 30ರಂದು ಕೇರಳದಲ್ಲಿ ದೇಶದ ಮೊದಲ ಕೊರೋನಾ ರೋಗಿಯು ಪತ್ತೆಯಾದನಂತರ ಎಣಿಕೆಯು ನಿತ್ಯಕರ್ಮವಾಯಿತು. ದಿನದಿನವೂ ಸಂಜೆ ಜಿಲ್ಲಾವಾರು ಅಂಕಿಗಳು ಪ್ರಕಟವಾಗುತ್ತಿದ್ದುವು. ಬಳ್ಳಾರಿ ಜಿಲ್ಲೆಯ ಮೊದಲ ಸೋಂಕಿತರು ಮಾರ್ಚ್ ಅಂತ್ಯದಲ್ಲಿ ಹೊಸಪೇಟೆಯಲ್ಲಿ ಪತ್ತೆಯಾದರು. ಜೂನ್ ತಿಂಗಳಲ್ಲಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ಕೆಲಸಗಾರರಲ್ಲಿ ಸೋಂಕು ತಲೆದೋರಿ, ತಿಂಗಳು ತುಂಬುವುದರೊಳಗೆ ನೂರಾರು ಜನರಿಗೆ ಹಬ್ಬಿತು. ಕಾರ್ಖಾನೆಗೆ ನಾನಾ ಊರುಗಳಿಂದ ಕೆಲಸಗಾರರು ಬರುತ್ತಿದ್ದುದರಿಂದ ಸುತ್ತಣ ಹಳ್ಳಿಗಳಲ್ಲಿ ಭೀತಿಯು ಮನೆಮಾಡಿತು.

ಈ ನಿತ್ಯದ ಅಂಕಿಗಳಿಗೂ ಒಂದು ದೋಷವಿದ್ದಿತು. ಪರೀಕ್ಷೆಗೆ ಬಂದವರು ಮಾತ್ರ ಅವುಗಳಲ್ಲಿ ಸೇರುತ್ತಿದ್ದರು. ಕೆಮ್ಮು ನೆಗಡಿಯೆಂದು ಮನೆಯಲ್ಲಿಯೇ ಉಳಿದವರೂ, ಸೋಂಕಿನ ಚಿಹ್ನೆಯೇ ತೋರದವರೂ ಲೆಕ್ಕದ ಹೊರಗೆ. ಸೋಂಕನ್ನು ಎದುರಿಸಿದ ದೇಹವು ರಕ್ತದಲ್ಲಿ ಪ್ರತಿಕಾಯಗಳೆಂಬ ಗುರುತನ್ನು ಕೆಲವು ಕಾಲ ಉಳಿಸಿಕೊಂಡಿರುತ್ತದೆ. ಜನರಲ್ಲಿ ಕೆಲವರನ್ನು ಕ್ರಮವರಿತು ಆರಿಸಿ ರಕ್ತವನ್ನು ಪರೀಕ್ಷಿಸಿದರೆ ಕಾಣದ ಸೋಂಕನ್ನೂ ಅಂದಾಜು ಮಾಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರ ಮೇ-ಜೂನ್ ತಿಂಗಳುಗಳಲ್ಲಿ 70 ಜಿಲ್ಲೆಗಳ 28,000 ವಯಸ್ಕರನ್ನು ಹೀಗೆ ಪರೀಕ್ಷಿಸಿದಾಗ ನೂರಕ್ಕೆ 0.73ರಷ್ಟು ಜನರಲ್ಲಿ ಗುರುತು ಕಂಡಿತು. 2021ರ ಜೂನ್-ಜುಲೈ ತಿಂಗಳುಗಳ ನಾಲ್ಕನೆಯ ಸಮೀಕ್ಷೆಯ ಹೊತ್ತಿಗೆ ಅದು ನೂರಕ್ಕೆ 67.6ಕ್ಕೆ ಏರಿದ್ದಿತು, ಅಷ್ಟರಲ್ಲಿ ಲಸಿಕೆಯೂ ಬಂದಿದ್ದಿತು. ಕರ್ಣಾಟಕದಿಂದ ಆ ಎಪ್ಪತ್ತರಲ್ಲಿ ಸೇರಿದ್ದುವು ಬೆಂಗಳೂರು, ಚಿತ್ರದುರ್ಗ, ಕಲಬುರಗಿಗಳು, ಬಳ್ಳಾರಿಯು ಇರಲಿಲ್ಲ.

ಬಳ್ಳಾರಿಯ ಸ್ಥಿತಿಯನ್ನು ಬೆಳಕಿಗೆ ತಂದುದು ರಾಜ್ಯದ ಸಮೀಕ್ಷೆ. 2020ರ ಸೆಪ್ಟೆಂಬರ್ 3ರಿಂದ 16ರವರೆಗೆ ಮೂವತ್ತು ಜಿಲ್ಲೆಗಳಲ್ಲಿಯೂ ಇದು ನಡೆಯಿತು. ಗರ್ಭಿಣಿಯರು, ಬಸ್ಸಿನ ನಿರ್ವಾಹಕರು, ಸಂತೆಯ ವ್ಯಾಪಾರಿಗಳು, ಪೌರಕಾರ್ಮಿಕರು, ವೃದ್ಧರು ಮೊದಲಾದವರ ರಕ್ತವನ್ನೂ ಗಂಟಲು ಮೂಗುಗಳ ದ್ರವವನ್ನೂ ಪರೀಕ್ಷಿಸಿದರು. ರಾಜ್ಯದ 7.07 ಕೋಟಿ ಜನರಲ್ಲಿ 1.93 ಕೋಟಿ, ಎಂದರೆ ನೂರಕ್ಕೆ 27.3 ಮಂದಿ, ಆಗಲೇ ಸೋಂಕನ್ನು ಕಂಡಿದ್ದರೆಂದು ಅಂದಾಜು ಬಂದಿತು. ಪತ್ತೆಯಾದ ಒಬ್ಬೊಬ್ಬ ರೋಗಿಗೂ ಸುಮಾರು ನಾಲ್ವತ್ತು ಸೋಂಕುಗಳಿದ್ದುವೆಂದು ಇದರ ತಾತ್ಪರ್ಯ. ಜಿಲ್ಲೆಗಳಲ್ಲಿ ಬಳ್ಳಾರಿಯದೇ ಎಲ್ಲಕ್ಕಿಂತ ಮೇಲಿನ ಸಂಖ್ಯೆ: ನೂರಕ್ಕೆ 43.1.

ಈ ಸಂಖ್ಯೆಯನ್ನು ಓದುವಾಗ ವಿವೇಕವಿರಬೇಕು. ಅಂದಿನ ಬಳ್ಳಾರಿಯೆಂದರೆ ಹೊಸಪೇಟೆ, ಹಂಪೆಗಳನ್ನೂ ಒಳಗೊಂಡ ಹಳೆಯ ಜಿಲ್ಲೆ. ವಿಜಯನಗರ ಜಿಲ್ಲೆಯು ಬೇರ್ಪಟ್ಟುದು 2021ರಲ್ಲಿ. ಪರೀಕ್ಷಿತರು ಆಯ್ದ ವರ್ಗದವರು. ಮನೆಮನೆಯಿಂದ ಚೀಟಿಯೆತ್ತಿ ಕರೆದವರಲ್ಲ. ಅಧಿಕವಾಗಿರುವುದನ್ನು ಕಂಡೊಡನೆ ಕಾರ್ಖಾನೆಯೇ ಮೂಲವೆಂದು ನಿರ್ಣಯಿಸುವುದೂ ನ್ಯಾಯವಲ್ಲ. ಹೊಗೆಯನ್ನು ಕಂಡು ಬೆಂಕಿಯುಂಟೆಂದು ಊಹಿಸಬಹುದೇ ಹೊರತು ಹಚ್ಚಿದವನಾರೆಂದು ಹೇಳಲಾಗದು. ಅದೇ ಕಾರ್ಖಾನೆಯ ಪ್ರಾಣವಾಯುವು 2021ರ ಮೇ ತಿಂಗಳಲ್ಲಿ ತೋರಣಗಲ್ಲಿನಲ್ಲಿ ಕಟ್ಟಿದ ತಾತ್ಕಾಲಿಕ ಆಸ್ಪತ್ರೆಯ ಹಾಸಿಗೆಗಳಿಗೆ ಕೊಳವೆಯ ಮೂಲಕ ಹರಿದುದನ್ನೂ ಚರಿತ್ರೆಯು ಮರೆಯಬಾರದು.

ಎಣಿಕೆಗೆ ಇನ್ನೊಂದು ಮುಖವುಂಟು. 2020ರ ಜೂನ್ ಅಂತ್ಯದಲ್ಲಿ ಬಳ್ಳಾರಿಯಲ್ಲಿ ಈ ರೋಗದಿಂದ ಮೃತರಾದ ಹಲವರ ದೇಹಗಳನ್ನು ಒಂದೇ ಗುಂಡಿಗೆ ಎಸೆದ ದೃಶ್ಯವು ದೇಶವನ್ನೆಲ್ಲ ನೋಯಿಸಿತು. ಜಿಲ್ಲಾಡಳಿತವು ಕ್ಷಮೆ ಬೇಡಿತು. ಅವರ ಸಾವುಗಳು ಲೆಕ್ಕಕ್ಕೇನೋ ಸೇರಿದ್ದುವು, ಆದರೆ ದೇಹಗಳಿಗೆ ಸಲ್ಲಬೇಕಾದ ಗೌರವವು ಸಲ್ಲಲಿಲ್ಲ. 1918ರಲ್ಲಿ ಮಡಿದವರಿಗೆ ಮನೆಯವರ ಕಣ್ಣೀರು ದೊರೆತಿದ್ದಿರಬಹುದು, ಲೆಕ್ಕವು ದೊರೆಯಲಿಲ್ಲ. ಈ ಎರಡು ಕೊರತೆಗಳಲ್ಲಿ ಯಾವುದೂ ಸಣ್ಣದಲ್ಲ. ಲೆಕ್ಕವಿಲ್ಲದಿದ್ದರೆ ಮುಂದಿನ ಪಿಡುಗಿಗೆ ಔಷಧವನ್ನೂ ಹಾಸಿಗೆಯನ್ನೂ ಎಲ್ಲಿಗೆ ಕಳುಹಬೇಕೆಂಬುದು ಯಾರಿಗೂ ತಿಳಿಯದು; ಗೌರವವಿಲ್ಲದಿದ್ದರೆ ಜ್ವರ ಬಂದವನು ಅದನ್ನು ಮುಚ್ಚಿಡುವನು, ಲೆಕ್ಕವು ತಾನಾಗಿ ಸುಳ್ಳಾಗುವುದು. ಆದುದರಿಂದ ಮನೆಯಲ್ಲಿ ಜ್ವರ ಬಂದಾಗ ಮುಚ್ಚಿಡದೆ ತಿಳಿಸುವ ಗೃಹಸ್ಥನೂ, ತಿಳಿಸಿದವನನ್ನು ಹೀಗಳೆಯದ ನೆರೆಯವನೂ ಜನಪದದ ಲೆಕ್ಕವನ್ನು ಬರೆಯುವವರೇ ಆಗಿರುವರು.