ಲೇಸರ್ ಟ್ಯಾಗ್: ಹೊಡೆಯುವ ಮುನ್ನ ಅಡಗುವ ಆಟ

ರಜೆಯ ದಿನ ಮಕ್ಕಳ ಒತ್ತಾಯಕ್ಕೆ ಮಣಿದು ಮಾಲ್‌ಗಳ ಲೇಸರ್ ಟ್ಯಾಗ್ ಕೋಣೆಗೆ ಹೋದವರು ನಮ್ಮಲ್ಲಿ ಹಲವರಿದ್ದೇವೆ. ಮಿನುಗುವ ದೀಪದ ಕೋಟು ತೊಟ್ಟು, ಬಂದೂಕು ಹಿಡಿದು ಧೈರ್ಯವಾಗಿ ನುಗ್ಗುತ್ತೇವೆ. ಐದೇ ನಿಮಿಷದಲ್ಲಿ ಹತ್ತು ಸಲ ಏಟು ತಿಂದು ಮಕ್ಕಳ ಮುಂದೆ ನಗೆಪಾಟಲಾಗುತ್ತೇವೆ. ಊರಲ್ಲಿ ಜೂಟಾಟ, ಕಣ್ಣಾಮುಚ್ಚಾಲೆ ಆಡಿ ಬೆಳೆದ ನಾವು ಇಲ್ಲಿ ಸೋಲುವುದೇಕೆ? ಉತ್ತರ ಈ ಆಟದ ಚರಿತ್ರೆಯಲ್ಲಿದೆ.

1970ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಸೇನೆಗಾಗಿ 'ಮೈಲ್ಸ್' ಎಂಬ ತರಬೇತಿ ವ್ಯವಸ್ಥೆ ರೂಪುಗೊಂಡಿತು. ಸೈನಿಕನ ಬಂದೂಕಿಗೆ ಲೇಸರ್ ಸಾಧನ, ಮೈಮೇಲೆ ಆ ಕಿರಣವನ್ನು ಗುರುತಿಸುವ ಸೆನ್ಸರ್‌ಗಳು. ಕಿರಣ ತಾಗಿದರೆ ಸದ್ದು ಶುರು. ಅದನ್ನು ನಿಲ್ಲಿಸಲು ಸೈನಿಕ ತನ್ನದೇ ಬಂದೂಕಿನ ಸಾಧನದಿಂದ ಕೀಲಿ ತೆಗೆಯಬೇಕು. ತೆಗೆದೊಡನೆ ಬಂದೂಕು ಕೆಲಸ ನಿಲ್ಲಿಸುತ್ತಿತ್ತು. ಮರೆ ನೋಡದೆ ನುಗ್ಗಿದವನು ಕೀಲಿ ಕೈಯಲ್ಲಿ ಹಿಡಿದು ಕೂರಬೇಕಾಗುತ್ತಿತ್ತು.

ಇದನ್ನು ಜನರ ಮೋಜಿನ ಆಟವಾಗಿಸಿದವರು ಜಾರ್ಜ್ ಕಾರ್ಟರ್. 1977ರಲ್ಲಿ 'ಸ್ಟಾರ್ ವಾರ್ಸ್' ಚಿತ್ರ ನೋಡಿದಾಗ ಅವರಿಗೆ ಈ ಕಲ್ಪನೆ ಹೊಳೆಯಿತು. 1984ರಲ್ಲಿ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ 'ಫೋಟಾನ್' ಎಂಬ ಆಟದ ಕೇಂದ್ರ ತೆರೆದರು. 1986ರಲ್ಲಿ 'ವರ್ಲ್ಡ್ಸ್ ಆಫ್ ವಂಡರ್' ಕಂಪನಿ 'ಲೇಸರ್ ಟ್ಯಾಗ್' ಹೆಸರಿನ ಆಟಿಕೆಯನ್ನು ಮನೆಮನೆಗೆ ತಲುಪಿಸಿತು. ಹೆಸರು ಲೇಸರ್ ಆದರೂ ಅದು ಬಳಸಿದ್ದು ಟಿವಿ ರಿಮೋಟ್‌ನಲ್ಲಿರುವಂಥ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು.

ಈ ಚರಿತ್ರೆಯಲ್ಲಿ ಒಂದು ಕಹಿ ಪುಟವೂ ಇದೆ. 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 19 ವರ್ಷದ ಹುಡುಗನೊಬ್ಬ ಗೆಳೆಯರೊಂದಿಗೆ ರಾತ್ರಿ ಶಾಲೆಯೊಂದರ ಆವರಣದಲ್ಲಿ ಈ ಆಟ ಆಡುತ್ತಿದ್ದ. ಅವನ ಕೈಲಿದ್ದುದು ನಿಜವಾದ ಬಂದೂಕೆಂದು ತಿಳಿದ ಪೊಲೀಸ್ ಅಧಿಕಾರಿ ಗುಂಡು ಹಾರಿಸಿದ, ಹುಡುಗ ಸತ್ತ. ಮರುವರ್ಷ, ಆಟಿಕೆ ಬಂದೂಕುಗಳಿಗೆ ಕಿತ್ತಳೆ ಬಣ್ಣದ ತುದಿಯಂಥ ಗುರುತು ಇರಬೇಕೆಂಬ ಕಾನೂನು ಅಮೆರಿಕದಲ್ಲಿ ಬಂತು.

ಈಗ ಹೊಸಬರಿಗೆ ನಾಲ್ಕು ಮಾತು. ಒಳಗೆ ಹೋದೊಡನೆ ಗುಂಡಿ ಒತ್ತಬೇಡಿ. ಮೊದಲು ಗೋಡೆ, ಮೂಲೆ, ಎತ್ತರದ ಜಾಗಗಳನ್ನು ನೋಡಿಕೊಳ್ಳಿ. ಎದೆ, ಬೆನ್ನಿನ ಸೆನ್ಸರ್‌ಗಳು ಮರೆಯಲ್ಲಿರುವಂತೆ ಓರೆಯಾಗಿ ನಿಂತು ಹೊಡೆಯಿರಿ. ಒಂದೇ ಕಡೆ ತಳವೂರಬೇಡಿ. ಎರಡು ಏಟು ಹೊಡೆದು ಜಾಗ ಬದಲಿಸಿ. ಏಟು ತಿಂದಾಗ ಬಂದೂಕು ಕೆಲವು ಕ್ಷಣ ಸ್ತಬ್ಧವಾದರೆ, ಆ ಹೊತ್ತನ್ನು ಹೊಸ ಮರೆ ಸೇರಲು ಬಳಸಿ. ಜೋಡಿಯಾಗಿ ಸಾಗಿ, ಒಬ್ಬರ ಬೆನ್ನನ್ನು ಇನ್ನೊಬ್ಬರು ಕಾಯಿರಿ.

ಬೆನ್ನು ಕಾಯುವ ಪಾಠ ನಮಗೇನೂ ಹೊಸದಲ್ಲ. ಊರು ಬಿಟ್ಟು ಬಂದು, ಒಂದೇ ರೂಮಿನಲ್ಲಿ ಆರೇಳು ಮಂದಿ ಬಾಳಿದ ನಾವು ಅದನ್ನು ಎಂದೋ ಕಲಿತಿದ್ದೇವೆ. ಆದರೆ ಕ್ಯಾಲಿಫೋರ್ನಿಯಾದ ಆ ಹುಡುಗನನ್ನೂ ಮರೆಯದಿರೋಣ. ಪರದೇಶದಲ್ಲಿ ನಮ್ಮ ಮಕ್ಕಳ ಆಟದ ಬಂದೂಕು ಆಟದ ಕೋಣೆಯೊಳಗೇ ಇರಲಿ. ಬಾಗಿಲಾಚೆಗೆ ನಗು ಮಾತ್ರ ಬರಲಿ.