ಕಡೂರು ಸೀಮೆಯ ಹೊನ್ನು: ಜಲಗಾರರ ಮರಿಗೆಯಿಂದ ಭೂವಿಜ್ಞಾನದ ನಕ್ಷೆಗೆ

ಕರ್ನಾಟಕದ ಚಿನ್ನವೆಂದರೆ ಕೋಲಾರ ಮತ್ತು ಹಟ್ಟಿಯ ಹೆಸರುಗಳು ಮೊದಲು ನೆನಪಾಗುತ್ತವೆ. ಆದರೆ ರಾಜ್ಯದ ಚಿನ್ನದ ಅನ್ವೇಷಣೆಯ ಚರಿತ್ರೆಯಲ್ಲಿ ಕಡೂರು, ತರೀಕೆರೆ ಮತ್ತು ಅಜ್ಜಂಪುರ ಸೀಮೆಗೂ ಒಂದು ಸ್ಥಾನವಿದೆ. ಈ ಭಾಗದಲ್ಲಿ ಚಿನ್ನದ ಕುರುಹು ದೊರೆತದ್ದು ನಿಜ. ಕೋಲಾರದಂತಹ ಗಣಿ ನಗರ ಮಾತ್ರ ಇಲ್ಲಿ ತಲೆಯೆತ್ತಲಿಲ್ಲ. ಕುರುಹಿಗೂ ಗಣಿಗೂ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದನ್ನು ಅರಿಯಲು ಈ ಸೀಮೆ ಉತ್ತಮ ನಿದರ್ಶನ.

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರವಾಗಿದೆ.

ಶಾಸನಗಳಲ್ಲಿ ಹೊನ್ನು

ಹೊಯ್ಸಳರ ಕಾಲದಲ್ಲಿ ಈ ಪ್ರದೇಶದ ದಾನ ಮತ್ತು ತೆರಿಗೆಗಳ ಲೆಕ್ಕವನ್ನು ಗದ್ಯಾಣ, ಹಣ ಮುಂತಾದ ಚಿನ್ನದ ನಾಣ್ಯಗಳಲ್ಲಿ ಇಡಲಾಗುತ್ತಿತ್ತು. ತರೀಕೆರೆ ಬಳಿಯ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತನು 1196ರಲ್ಲಿ ಕಟ್ಟಿಸಿದನು. ಆದರೆ ಶಾಸನಗಳಲ್ಲಿ ಹೊನ್ನಿನ ಲೆಕ್ಕವಿದ್ದ ಮಾತ್ರಕ್ಕೆ ಆ ಹೊನ್ನು ಸ್ಥಳೀಯ ಮಣ್ಣಿನದೆಂದು ಹೇಳಲಾಗದು. ವ್ಯಾಪಾರ, ತೆರಿಗೆ ಮತ್ತು ಯುದ್ಧಗಳ ಮೂಲಕ ಚಿನ್ನ ದೂರದೂರಕ್ಕೆ ಸಂಚರಿಸುತ್ತಿತ್ತು.

ಸ್ಥಳೀಯ ಚಿನ್ನವನ್ನು ಬಲ್ಲವರು ಜಲಗಾರರು. ಹಳ್ಳದ ಮರಳನ್ನು ಮರಿಗೆಯಲ್ಲಿ ತುಂಬಿ, ನೀರಿನಲ್ಲಿ ಜಾಲಿಸಿ, ತಳದಲ್ಲಿ ಉಳಿಯುವ ಹೊನ್ನಿನ ಕಣಗಳನ್ನು ಆಯುವುದು ಇವರ ಕಸುಬು. ಕುವೆಂಪು ಅವರ ನಾಟಕದಿಂದಾಗಿ ‘ಜಲಗಾರ’ ಎಂದರೆ ಬೀದಿ ಗುಡಿಸುವವನೆಂಬ ಅರ್ಥ ಇಂದು ಹೆಚ್ಚು ಪರಿಚಿತ. ಮಣ್ಣು ತೊಳೆದು ಚಿನ್ನ ತೆಗೆಯುವವನೆಂಬುದು ಈ ಪದದ ಇನ್ನೊಂದು ಅರ್ಥ. ಭದ್ರಾವತಿ-ತರೀಕೆರೆ ಭಾಗದ ಜಲಗಾರಗುಂಡಿ ಎಂಬ ಸ್ಥಳನಾಮದಲ್ಲಿ ಆ ಕಸುಬಿನ ನೆನಪು ಉಳಿದಿದೆ. ಇದೇ ಸ್ಥಳವು ಮುಂದೆ ಭೂವಿಜ್ಞಾನಿಗಳ ಅಧ್ಯಯನಕ್ಕೂ ಒಳಗಾಯಿತು.

ಕೋಲಾರದ ಪ್ರಭಾವ

ಬ್ರಿಟಿಷ್ ಅಧಿಕಾರಿಗಳೂ ಚಿನ್ನದ ಜಾಡು ಹಿಡಿದದ್ದು ಸ್ಥಳೀಯರ ತಿಳಿವಳಿಕೆಯಿಂದಲೇ. 1802ರಲ್ಲಿ ಮೈಸೂರಿನ ಪೂರ್ವ ಗಡಿಯ ಸರ್ವೆಯಲ್ಲಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಕೋಲಾರ ಸೀಮೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ದಾಖಲಿಸಿದನು. ಸುಮಾರು 56 ಕಿಲೋ ಮಣ್ಣಿಗೆ ದೊರೆತದ್ದು ಒಂದು ಗ್ರೇನ್, ಅಂದರೆ 0.065 ಗ್ರಾಂ ಚಿನ್ನ. 1870ರ ದಶಕದಲ್ಲಿ ಮೈಕೆಲ್ ಲವೆಲ್ ಅಲ್ಲಿ ಗಣಿಗಾರಿಕೆಯ ಅನುಮತಿ ಪಡೆದನು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಕೋಲಾರದ ಸಮೃದ್ಧ ಎಳೆ ಪತ್ತೆಯಾಯಿತು.

ಈ ಯಶಸ್ಸು ಮೈಸೂರು ಸರ್ಕಾರದ ಕುತೂಹಲವನ್ನು ಕೆರಳಿಸಿತು. ಸಂಸ್ಥಾನದ ಇತರ ಕಡೆಗಳಲ್ಲಿಯೂ ಚಿನ್ನವಿರಬಹುದೇ ಎಂದು ಪರಿಶೀಲಿಸುವ ಹೊಣೆ 1887ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಅವರ ಪಾಲಿಗೆ ಬಂದಿತು. 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಸ್ಥಾಪನೆಯಾದಾಗ ಅವರೇ ಅದರ ಮೊದಲ ಮುಖ್ಯಸ್ಥರಾದರು.

ಫುಟ್ ಅವರ ಮುಖ್ಯ ಕೊಡುಗೆ ‘ಧಾರವಾಡ ಶಿಲಾವರ್ಗ’ದ ಕಲ್ಪನೆ. ಮೈಸೂರಿನ ಚಿನ್ನ ಎಲ್ಲೆಂದರಲ್ಲಿ ಹರಡಿಲ್ಲ, ಉತ್ತರ-ದಕ್ಷಿಣವಾಗಿ ಹಬ್ಬಿದ ಪುರಾತನ ಪದರಶಿಲೆಗಳ ಪಟ್ಟಿಗಳನ್ನು ಅದು ಅನುಸರಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಕೋಲಾರ ಪಟ್ಟಿ, ಡಂಬಳ-ಚಿಕ್ಕನಾಯಕನಹಳ್ಳಿ ಪಟ್ಟಿ ಮತ್ತು ಧಾರವಾಡ-ಶಿವಮೊಗ್ಗ ಪಟ್ಟಿ ಇವುಗಳಲ್ಲಿ ಪ್ರಮುಖವಾದವು. ತರೀಕೆರೆ ಮತ್ತು ಅಜ್ಜಂಪುರದ ಬೆಟ್ಟಸಾಲುಗಳು ಶಿವಮೊಗ್ಗ ಪಟ್ಟಿಯ ಅಂಗಗಳಾದರೆ, ಕಡೂರಿನ ಬಯಲಿನ ಬಹುಭಾಗದಲ್ಲಿ ನೈಸ್ ಶಿಲೆಯಿದೆ. ಅಕ್ಕಪಕ್ಕದ ಊರುಗಳ ಭೂಗರ್ಭದಲ್ಲಿ ಇಷ್ಟು ವ್ಯತ್ಯಾಸವಿರುವುದಕ್ಕೆ ಇದೇ ಕಾರಣ.

ಕುರುಹು ಬೇರೆ, ಗಣಿ ಬೇರೆ

ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನ ಸೂಕ್ಷ್ಮ ಕಣಗಳಾಗಿ ಚದುರಿರುತ್ತದೆ. ಟನ್‌ಗೆ 5 ಗ್ರಾಂ ಚಿನ್ನವಿರುವ ಅದಿರೆಂದರೆ, ಒಂದು ಕ್ವಿಂಟಲ್ ಕಲ್ಲನ್ನು ಪುಡಿ ಮಾಡಿದರೆ ಸಿಗುವುದು ಅರ್ಧ ಗ್ರಾಂ. ಗಣಿ ಲಾಭದಾಯಕವಾಗಬೇಕಾದರೆ ಅಂತಹ ಎಳೆಯು ಸಾಕಷ್ಟು ದಪ್ಪವಾಗಿರಬೇಕು, ಆಳಕ್ಕೂ ಉದ್ದಕ್ಕೂ ಮುಂದುವರಿಯಬೇಕು. ಕೋಲಾರದ ಎಳೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, 2001ರಲ್ಲಿ ಗಣಿ ಮುಚ್ಚುವ ವೇಳೆಗೆ 800 ಟನ್‌ಗೂ ಹೆಚ್ಚು ಚಿನ್ನ ನೀಡಿತ್ತು. ಶಿವಮೊಗ್ಗ ಪಟ್ಟಿಯಲ್ಲಿ ಅಂತಹ ಎಳೆ ದೊರೆಯಲಿಲ್ಲ. ಅಜ್ಜಂಪುರಕ್ಕೆ ಉತ್ತರದ ಹೊನ್ನಾಳಿ ಸೀಮೆಯ ಕುದುರೆಕೊಂಡದಲ್ಲಿಯೂ ಗಣಿ ತೋಡುವ ಯತ್ನ ನಡೆದು ನಿಂತುಹೋಯಿತು. ಅದಕ್ಕೂ ಮುನ್ನ, 1880ರ ಆಸುಪಾಸಿನಲ್ಲಿ ವಯನಾಡಿನ ಚಿನ್ನವನ್ನು ನಂಬಿ ಹಣ ಹೂಡಿದ ಹಲವು ಲಂಡನ್ ಕಂಪನಿಗಳು ಕೆಲವೇ ವರ್ಷಗಳಲ್ಲಿ ದಿವಾಳಿಯಾಗಿದ್ದವು.

ಈ ಜಿಲ್ಲೆಯ ಶಿಲೆಗಳು ಇನ್ನೊಂದು ಕಾರಣಕ್ಕೂ ಗಮನ ಸೆಳೆದಿವೆ. ಬಾಬಾಬುಡನ್ ಶಿಲಾಸಮೂಹದ ತಳದಲ್ಲಿ, ಕಳಸಾಪುರ ಮತ್ತು ಕರ್ತಿಕೆರೆ ಬಳಿ, ಬೆಣಚುಕಲ್ಲಿನ ಉರುಟು ಹರಳುಗಳು ಬೆಸೆದು ರೂಪುಗೊಂಡ ಪಿಂಡಶಿಲೆಯಿದೆ. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್‌ನಲ್ಲಿ 1886ರಲ್ಲಿ ಪತ್ತೆಯಾದ ಅಪಾರ ಚಿನ್ನ ಇದೇ ಬಗೆಯ ಶಿಲೆಯಲ್ಲಿ ಇದ್ದುದರಿಂದ ಇಲ್ಲಿಯೂ ನಿರೀಕ್ಷೆ ಮೂಡಿತ್ತು. ಜಿಲ್ಲೆಗೆ ಗಣಿಯ ಆದಾಯ ತಂದದ್ದು ಮಾತ್ರ ಚಿನ್ನವಲ್ಲ, ಕಬ್ಬಿಣ. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋದದ್ದು ಕೆಮ್ಮಣ್ಣುಗುಂಡಿಯಿಂದ.

ಇಂದಿನ ಪ್ರಶ್ನೆ

ಗಣಿ ಕಾನೂನಿಗೆ 2015ರಲ್ಲಿ ತಂದ ತಿದ್ದುಪಡಿಯ ಬಳಿಕ ಖನಿಜ ನಿಕ್ಷೇಪಗಳ ಹಂಚಿಕೆಯಲ್ಲಿ ಹರಾಜು ಪದ್ಧತಿ ಜಾರಿಗೆ ಬಂದಿದೆ. ಚಿನ್ನದ ಬೆಲೆ ಏರಿದಂತೆ, ಹಿಂದೆ ಲಾಭದಾಯಕವಲ್ಲವೆಂದು ಕೈಬಿಟ್ಟ ಅದಿರಿಗೂ ಬೆಲೆ ಬರುತ್ತದೆ. ಹೀಗಾಗಿ ಹಳೆಯ ಪಟ್ಟಿಗಳ ಮೇಲೆ ಮತ್ತೆ ಕಣ್ಣು ಬೀಳುವುದು ಸಹಜ.

ಆದರೆ ಬೆಲೆಯ ಲೆಕ್ಕಕ್ಕೆ ಸಿಗದ ವಿಷಯಗಳೂ ಇವೆ. ಕಡೂರು ಮತ್ತು ಅಜ್ಜಂಪುರದ ಬಯಲು ಬರಕ್ಕೆ ಪರಿಚಿತ. ತೆಂಗು, ಅಡಿಕೆ ತೋಟಗಳು ಕೆರೆ ಮತ್ತು ಕೊಳವೆಬಾವಿಗಳನ್ನೇ ನೆಚ್ಚಿವೆ. ಚಿನ್ನದ ಗಣಿ ಅಂತರ್ಜಲವನ್ನು ಹೊರಹಾಕುತ್ತದೆ. ಅದಿರಿನಿಂದ ಚಿನ್ನ ಬೇರ್ಪಡಿಸಲು ಸಯನೈಡ್ ಬಳಸಲಾಗುತ್ತದೆ. ಕೋಲಾರದಲ್ಲಿ ಗಣಿ ಮುಚ್ಚಿದ ಮೇಲೂ ಸಯನೈಡ್ ಮಣ್ಣಿನ ದಿಬ್ಬಗಳು ಉಳಿದು, ಅವುಗಳ ಧೂಳು ಊರಿನ ಪಾಲಿಗೆ ತೊಂದರೆಯಾಗಿದೆ. ಆದ್ದರಿಂದ ಈ ಸೀಮೆಯಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆಗಳು ಮೂರು: ಟನ್ ಅದಿರಿಗೆ ಚಿನ್ನವೆಷ್ಟು, ಅದಿರು ಎಷ್ಟು ಆಳದವರೆಗಿದೆ, ಅದನ್ನು ತೆಗೆದ ಮೇಲೆ ನೀರು ಎಷ್ಟು ಉಳಿಯುತ್ತದೆ.